ಮಾಮಾ ಕುಡಿಯಲ್ಲ, ಮೂಸಿ ನೋಡ್ತಾನೆ ಅಷ್ಟೇ

ನಮ್ಮ ಮಾಮಾ ಕುಡಿಯಲ್ಲ. ಕೊರಳಲ್ಲಿ ಲಿಂಗ, ಹಣೆ ಮೇಲೆ ವಿಭೂತಿ, ಮದುವೆ ಮನೇಲಿ ಪಕ್ಕದವನ ಬಾಯಿಂದ ವಾಸನೆ ಬಂತು ಅಂದ್ರೆ ಎಲೆ ಬಿಟ್ಟು ಎದ್ದು ಬೇರೆ ಸಾಲಲ್ಲಿ ಹೋಗಿ ಕೂತ್ಕೊಳ್ಳೋ ಮನುಷ್ಯ. ಆದ್ರೆ ದ್ರಾಕ್ಷಿ ವಿಷಯಕ್ಕೆ ಬಂದ್ರೆ ಮೂವತ್ತು ವರ್ಷದಿಂದ ವಿಜಯಪುರ ಜಿಲ್ಲೆ ತಿಕೋಟಾ ಕಡೆ ತೋಟ ಮಾಡ್ಕೊಂಡು ಬಂದಿದಾನೆ, ಎಲೆ ಹಿಂಬದಿ ನೋಡಿದ್ರೆ ಸಾಕು ನಾಡಿದ್ದು ಯಾವ ರೋಗ ಬರುತ್ತೆ ಅಂತ ಹೇಳ್ತಾನೆ. ಹೋದ ತಿಂಗಳು ಕಣ್ಣು ತೋರಿಸೋಕೆ ಅಂತ ಬೆಂಗಳೂರಿಗೆ ಬಂದಿದ್ದ. ರಾತ್ರಿ ಊಟಕ್ಕೆ ಮುಂಚೆ ನಾನು ಒಂದು ಗ್ಲಾಸಲ್ಲಿ ಎರಡು ಬೆರಳಷ್ಟು ಕೆಂಪು ವೈನ್ ಹಾಕಿ ಅವನ ಮುಂದೆ ಹಿಡಿದು, ಮಾಮಾ ಕುಡೀಬ್ಯಾಡ, ಬರೇ ಮೂಸಿ ನೋಡು ಅಂದೆ. ನನ್ನ ಹೆಂಡತಿ ಅಡುಗೆಮನೆಯಿಂದಾನೇ ಕಣ್ಣು ಬಿಟ್ಟಳು.

ಮಾಮಾ ಒಂದ್ ಸಲ ಬಾಗಿಲ ಕಡೆ ನೋಡಿದ, ಯಾರಾದ್ರೂ ಬಂದುಬಿಟ್ರೆ ಅಂತ. ಆಮೇಲೆ ಗ್ಲಾಸ್ ತಗೊಂಡು ಮೂಗಿನ ಹತ್ರ ಹಿಡಿದು ನಿಧಾನಕ್ಕೆ ಮೂರು ಸಲ ಉಸಿರು ಎಳ್ಕೊಂಡ.

"ಮೆಣಸು" ಅಂದ. "ಕರೆಮೆಣಸು ಕುಟ್ಟಿದಾಂಗ ಐತಿ. ಇದರಾಗ ಏನ್ ಮಸಾಲಿ ಹಾಕ್ತಾರೇನು?"

ಹಾಕಲ್ಲ ಮಾಮಾ, ದ್ರಾಕ್ಷಿದೇ ವಾಸನೆ ಅಂದೆ. ಅವನು ನಂಬಲಿಲ್ಲ. ಈ ಪೋಸ್ಟ್ ಬರೀತಿರೋದೇ ಆ ಮೂಗಿನಿಂದಾಗಿ, ಯಾಕಂದ್ರೆ ಈ ವೈನ್ ಬಗ್ಗೆ ನಾನು ಆ ತನಕ ಓದಿದ್ದ ಎಲ್ಲಾದಕ್ಕಿಂತ ಜಾಸ್ತಿ ಅವನು ಕೇಳಿದ ಪ್ರಶ್ನೆಗಳಿಂದಾನೇ ನಂಗೆ ಅರ್ಥ ಆಗಿದ್ದು.

ವೈನ್ ಯಾವುದು ಅಂದ್ರೆ ಸುಲಾದವರ ದಿಂಡೋರಿ ರಿಸರ್ವ್ ಶಿರಾಜ್. ನಾಶಿಕ್‌ದು. ದಿಂಡೋರಿ ಅನ್ನೋದು ನಾಶಿಕ್ ಜಿಲ್ಲೆಯ ಒಂದು ತಾಲೂಕು, ಆ ಕಡೆ ದ್ರಾಕ್ಷಿಯಿಂದ ಮಾಡಿ ಓಕ್ ಮರದ ಪೀಪಾಯಿಯಲ್ಲಿ ಸುಮಾರು ಒಂದು ವರ್ಷ ಇಟ್ಟು ಆಮೇಲೆ ಬಾಟಲಿಗೆ ಹಾಕ್ತಾರೆ. ಸುಲಾ ಶುರು ಮಾಡಿದ ರಾಜೀವ್ ಸಾಮಂತ್ ಸ್ಟ್ಯಾನ್‌ಫರ್ಡ್‌ನಲ್ಲಿ ಓದಿ, ಅಮೆರಿಕಾದಲ್ಲಿ ಒರಾಕಲ್ ಕಂಪನಿ ಕೆಲಸ ಬಿಟ್ಟು ಬಂದು ನಾಶಿಕ್ ಹತ್ರ ತಮ್ಮ ಮನೆತನದ ಜಮೀನಲ್ಲಿ ದ್ರಾಕ್ಷಿ ಹಾಕಿದವರು, ಕೆರ್ರಿ ಡ್ಯಾಮ್ಸ್ಕಿ ಅನ್ನೋ ಕ್ಯಾಲಿಫೋರ್ನಿಯಾದ ವೈನ್ ತಯಾರಕರ ಸಹಾಯ ತಗೊಂಡು 2000ದಲ್ಲಿ ಮೊದಲ ವೈನ್ ಮಾರ್ಕೆಟ್ಟಿಗೆ ಬಿಟ್ರು. ಸುಲಾ ಅನ್ನೋ ಹೆಸರು ಅವರ ತಾಯಿ ಸುಲಭಾ ಅವರದ್ದು, ನಾನೇನೋ ತುಂಬಾ ದಿನ ಅದು ಯಾವುದೋ ಇಟಾಲಿಯನ್ ಪದ ಅಂದ್ಕೊಂಡಿದ್ದೆ. ಫ್ರಾನ್ಸ್ ಇಟಲಿ ಜನಕ್ಕೆ ಸಾವಿರಾರು ವರ್ಷದ ಲೆಕ್ಕ ಇರುವಾಗ ಇಪ್ಪತ್ತೈದು ವರ್ಷ ಅಂದ್ರೆ ನಾಶಿಕ್ ಇನ್ನೂ ಅಂಬೆಗಾಲು ಇಡ್ತಿರೋ ಕೂಸು. ನಾನು ಬಾಟಲಿ ತಗೊಂಡಿದ್ದು ಇಲ್ಲೇ ಬೆಂಗಳೂರಲ್ಲಿ, ಸಾವಿರದ ಮೇಲೆ ಕೊಟ್ಟೆ, ಮಾಮಾಗೆ ರೇಟು ಹೇಳಲಿಲ್ಲ.

ಇದಕ್ಕೆ ಒಂದು ಹಿಂದಿನ ಕಥೆ ಇದೆ. ಈ ವರ್ಷ ಫೆಬ್ರವರೀಲಿ ಮಾಮಾ, ಅತ್ತಿ, ಅವ್ವ, ನಾನು ಎಲ್ಲ ಸೇರಿ ಒಂದು ಗಾಡಿ ಮಾಡ್ಕೊಂಡು ವಿಜಯಪುರದಿಂದ ಸೊಲ್ಲಾಪುರ, ಅಹಿಲ್ಯಾನಗರ (ಹಳೇ ಅಹ್ಮದನಗರ) ದಾಟಿ ಶಿರಡಿಗೆ, ಅಲ್ಲಿಂದ ತ್ರ್ಯಂಬಕೇಶ್ವರಕ್ಕೆ ಹೋಗಿದ್ವಿ. ದರ್ಶನ ಆಯ್ತು. ನಾಶಿಕ್ ಬಂದ ಮೇಲೆ ರಸ್ತೆ ಎರಡೂ ಕಡೆ ದ್ರಾಕ್ಷಿ ನೋಡಿ ಮಾಮಾಗೆ ಸುಮ್ನೆ ಕೂರೋಕಾಗ್ತಿಲ್ಲ, ಗಾಡಿ ನಿಲ್ಲಿಸು ನಿಲ್ಲಿಸು ಅಂತಾನೆ, ಇಳಿದು ಯಾರದೋ ತೋಟದ ಬೇಲಿ ಹತ್ರ ನಿಂತು ಮರಾಠಿಯಲ್ಲಿ ರೇಟು ಕೇಳ್ತಾನೆ. ಹೆಂಗೂ ಬಂದಿದೀವಿ, ಗಂಗಾಪುರ ರಸ್ತೆಯಲ್ಲಿ ಸುಲಾದವರು ವೈನ್ ಮಾಡೋ ಕಡೆ ಹೋಗೋಣ, ಅಲ್ಲೂ ದ್ರಾಕ್ಷಿನೇ ಅಲ್ವಾ ಅಂದೆ. ಅವ್ವ ಒಂದೇ ಮಾತು, ತ್ರ್ಯಂಬಕೇಶ್ವರನ ಪ್ರಸಾದ ಗಾಡಿಯೊಳಗಿಟ್ಕೊಂಡು ಹೆಂಡದ ಅಂಗಡಿಗೆ ಹೋಗ್ತೀರಾ ಅಂತ. ಕೊನೆಗೆ ಅತ್ತಿ ಅವ್ವ ಇಬ್ಬರೂ ಪ್ರಸಾದ ಮಡಿಲಲ್ಲಿಟ್ಕೊಂಡು ಗಾಡಿಯಲ್ಲೇ ಕೂತ್ರು, ನಾನು ಮಾಮಾ ಒಳಗೆ ಹೋದ್ವಿ.

ಮಾಮಾ ಮೊದಲು ನೋಡಿದ್ದು ಚಪ್ಪರ. ಅಂದ್ರೆ ಚಪ್ಪರ ಇಲ್ಲದಿರೋದು. ನಮ್ಮ ಕಡೆ ದ್ರಾಕ್ಷಿ ಅಂದ್ರೆ ತಲೆ ಮೇಲೆ ತಂತಿ ಚಪ್ಪರ, ಇಲ್ಲಾಂದ್ರೆ ವೈ ಆಕಾರದ ಕಂಬ, ನೆರಳಲ್ಲಿ ಗೊಂಚಲು ಜೋತಾಡ್ತಿರುತ್ತೆ. ಇಲ್ಲಿ ನೆಟ್ಟಗೆ ಗೋಡೆ ಥರ, ಬಳ್ಳಿ ಮೇಲಕ್ಕೆ ಹೋಗಿದೆ, ಗೊಂಚಲು ಕೆಳಗೆ ಮೊಣಕಾಲು ಮಟ್ಟದಿಂದ ಸ್ವಲ್ಪ ಮೇಲೆ ಸಾಲಾಗಿ ನಿಂತಿವೆ. "ಇದೇನಲೇ, ಬೇಲಿ ಹಾಕ್ಯಾರೋ ದ್ರಾಕ್ಷಿ ಹಚ್ಯಾರೋ" ಅಂದ. ಆಮೇಲೆ ಗೊಂಚಲು ನೋಡಿ ಅವನಿಗೆ ನಿಜವಾಗ್ಲೂ ಬೇಜಾರಾಯ್ತು. ಸಣ್ಣ ಗೊಂಚಲು, ಅದರಲ್ಲಿ ಸಣ್ಣ ಸಣ್ಣ ಹಣ್ಣು. ಥಾಮ್ಸನ್, ಸೋನಾಕಾ, ಮಾಣಿಕ್ ಚಮನ್ ಬೆಳೆದವನ ಕಣ್ಣಿಗೆ ಅದು ರೋಗ ಬಂದು ಕುಂಟಿದ ಬೆಳೆ. ತಿನ್ನೋ ದ್ರಾಕ್ಷಿಗೆ ನಮ್ಮವರು ಜಿಎ (ಜಿಬ್ಬರೆಲಿಕ್ ಆಮ್ಲ ಅನ್ನೋ ಹಾರ್ಮೋನು) ಹೊಡೀತಾರೆ, ಗೊಂಚಲನ್ನ ಒಂದೊಂದೇ ಹಿಡಿದು ದ್ರಾವಣದಲ್ಲಿ ಅದ್ದುತಾರೆ, ಹಣ್ಣು ಉದ್ದ ಆಗ್ಲಿ ದಪ್ಪ ಆಗ್ಲಿ ಅಂತ. ಇಲ್ಲಿ ಅದ್ಯಾವುದೂ ಬೇಡ.

ತೋರಿಸೋಕೆ ಬಂದಿದ್ದ ಹುಡುಗ ಪಾಪ ಒಳ್ಳೇವನು, ಕ್ರೇಟಲ್ಲಿ ಬಂದಿದ್ದ ಕಪ್ಪು ದ್ರಾಕ್ಷಿದು ಒಂದು ಗೊಂಚಲು ತೆಗೆದುಕೊಟ್ಟ, ಶಿರಾಜ್ ಅಂದ. ಮಾಮಾ ಒಂದು ಬಾಯಿಗೆ ಹಾಕ್ಕೊಂಡು ತಕ್ಷಣ ಅಂಗೈಗೆ ಉಗುಳಿ ನೋಡಿದ.

"ಬೀಜ ಐತಲ್ಲೋ!"

ಜೀವನಪೂರ್ತಿ ಸೀಡ್‌ಲೆಸ್ ಬೆಳೆದ ಮನುಷ್ಯ. ಇನ್ನೊಂದು ಹಣ್ಣು ಬೆರಳಲ್ಲಿ ಹಿಸುಕಿದ, ರಸ ನೀರಿನಂಗೆ ಬೆಳ್ಳಗೆ ಬಂತು. ಕಪ್ಪು ಹಣ್ಣಿಂದ ಬಿಳಿ ರಸ. ಬಣ್ಣ ಎಲ್ಲಿ ಅಂದ್ರೆ ಸಿಪ್ಪೆಯಲ್ಲಿ. ಸಿಪ್ಪೆ ಬೀಜ ಸಮೇತ ಟ್ಯಾಂಕಿಗೆ ಹಾಕಿ ಹುಳಿ ಬರಿಸ್ತಾರೆ, ಅದು ದಿನಗಟ್ಟಲೆ ನೆನೆದು ಬಣ್ಣ ಬಿಡುತ್ತೆ, ಒಗರು ಬಿಡುತ್ತೆ, ಆಗ್ಲೇ ಅದು ಕೆಂಪು ವೈನ್. ಹಾಗಾಗಿ ಹಣ್ಣು ಸಣ್ಣದಿದ್ದಷ್ಟೂ ರಸಕ್ಕಿಂತ ಸಿಪ್ಪೆ ಪಾಲು ಜಾಸ್ತಿ, ಬಣ್ಣ ರುಚಿ ಎರಡೂ ಗಟ್ಟಿ. ಹುಡುಗ ಇದನ್ನ ಹಿಂದಿಯಲ್ಲಿ ಹೇಳಿದ, ನಾನು ಕನ್ನಡಕ್ಕೆ ಮಾಡಿದೆ, ಮಾಮಾ ತಲೆ ಆಡಿಸಿದ, ಈಗ ಅವನ ಮುಖದಲ್ಲಿ ಬೇಜಾರು ಹೋಗಿ ಲೆಕ್ಕ ಶುರುವಾಗಿತ್ತು. ಎಕರೆಗೆ ಎಷ್ಟು ಟನ್? ನಮ್ಮಲ್ಲಿ ಒಳ್ಳೆ ತೋಟ ಅಂದ್ರೆ ತಿನ್ನೋ ದ್ರಾಕ್ಷಿ ಹತ್ತು ಟನ್ ದಾಟುತ್ತೆ. ಇಲ್ಲಿ ಒಳ್ಳೆ ವೈನಿಗೆ ಅದರ ಅರ್ಧವೂ ಬೇಡ ಅಂತಾರೆ, ಜಾಸ್ತಿ ಕಚ್ಚಿದ್ರೆ ಕೆಲವು ಗೊಂಚಲು ಕತ್ತರಿಸಿ ನೆಲಕ್ಕೆ ಬಿಡ್ತಾರೆ. "ಹಣ್ಣ ಕಡದು ನೆಲಕ್ಕ ಒಗೀತಾರ?" ಮಾಮಾಗೆ ಇದು ವೈನಿಗಿಂತ ದೊಡ್ಡ ಪಾಪ.

ಸಿಹಿ ಬಗ್ಗೆ ಮಾತ್ರ ಅವನಿಗೆ ಗೌರವ ಬಂತು. ತಿನ್ನೋ ದ್ರಾಕ್ಷಿ 17-18 ಬ್ರಿಕ್ಸ್‌ಗೆ ಕೊಯ್ದರೆ ಸಾಕು (ಬ್ರಿಕ್ಸ್ ಅಂದ್ರೆ ರಸ ಎಷ್ಟು ಸಿಹಿ ಅನ್ನೋ ಅಳತೆ), ಮಣೂಕ ಅಂದ್ರೆ ಒಣದ್ರಾಕ್ಷಿಗಾದ್ರೆ 22 ಬರೋ ತನಕ ಕಾಯಬೇಕು, ವೈನಿಗೂ ಹೆಚ್ಚು ಕಮ್ಮಿ ಅಷ್ಟೇ, 22ರಿಂದ 24. ನಮ್ಮ ಕಡೆ ಬಹಳಷ್ಟು ದ್ರಾಕ್ಷಿ ಮಣೂಕ ಆಗೋದು ಅನ್ನೋದು ದಕ್ಷಿಣದವರಿಗೆ ಗೊತ್ತಿರಲ್ಲ, ನೀವು ಪಾಯಸಕ್ಕೆ ಹಾಕೋ ಒಣದ್ರಾಕ್ಷಿ ವಿಜಯಪುರದ್ದೇ ಇರಬಹುದು. ನಾಕು ಕೆಜಿ ಹಸಿ ದ್ರಾಕ್ಷಿ ಒಣಗಿಸಿದ್ರೆ ಒಂದು ಕೆಜಿ ಮಣೂಕ. ಒಂದು ಬಾಟಲಿ ವೈನಿಗೆ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ ದ್ರಾಕ್ಷಿ ಸಾಕು. ಮಾಮಾ ಆ ಲೆಕ್ಕವನ್ನ ಗಾಡಿಯಲ್ಲಿ ಸೊಲ್ಲಾಪುರ ಬರೋ ತನಕ ಮಾಡ್ತಾನೇ ಇದ್ದ.

ಈಗ ಬೆಂಗಳೂರು ಮನೆಗೆ ವಾಪಸ್ ಬರೋಣ. ಊಟ ಬಡಿಸ್ತಾ ನನ್ನ ಹೆಂಡತಿ, ಅವಳು ಶಿವಮೊಗ್ಗದವಳು, ಕೇಳಿದಳು, ಮಾಮಾ ಮತ್ತೆ ಯಾವಾಗ ಬರ್ತೀರಿ ಅಂತ. "ಅಕ್ಟೋಬರ್ ಚಾಟ್ನಿ ಮುಗಿಸಿ ಬರ್ತೇನವಾ" ಅಂದ. ಇವಳು ಯಾವುದೋ ಸೀಸನಲ್ ಚಟ್ನಿ ಅಂದ್ಕೊಂಡು ಅದನ್ನ ಹೆಂಗೆ ಮಾಡ್ತಾರೆ, ಸ್ವಲ್ಪ ನಮಗೂ ಕಳಿಸಿ ಅಂದುಬಿಟ್ಟಳು. ಚಾಟ್ನಿ ಅಂದ್ರೆ ಬಳ್ಳಿ ಕತ್ತರಿಸೋದು, ಮರಾಠಿಯಿಂದ ಬಂದ ಪದ. ವರ್ಷಕ್ಕೆ ಎರಡು ಸಲ, ಏಪ್ರಿಲ್ ಚಾಟ್ನಿ ಒಂದು, ಅಕ್ಟೋಬರ್ ಚಾಟ್ನಿ ಇನ್ನೊಂದು. ನಮ್ಮ ದೇಶದ ದ್ರಾಕ್ಷಿ ಕಥೆ ಇರೋದೇ ಇಲ್ಲಿ. ಯುರೋಪಲ್ಲಿ ಚಳಿಗಾಲದಲ್ಲಿ ಹಿಮ ಬಿದ್ದು ಬಳ್ಳಿ ಎಲೆ ಉದುರಿಸಿ ಮಲಗುತ್ತೆ, ಬೇಸಿಗೆಯಲ್ಲಿ ಹಣ್ಣು ಬಿಡುತ್ತೆ, ಸೆಪ್ಟೆಂಬರ್ ಸುಮಾರಿಗೆ ಕೊಯ್ತಾರೆ. ನಮ್ಮಲ್ಲಿ ಬಳ್ಳಿಗೆ ನಿದ್ದೆನೇ ಇಲ್ಲ, ಬಿಟ್ರೆ ವರ್ಷಪೂರ್ತಿ ಬೆಳೀತಾನೇ ಇರುತ್ತೆ. ಅದಕ್ಕೇ ಏಪ್ರಿಲಲ್ಲಿ ಒಂದು ಸಲ ಬೋಳಿಸಿ ಕಡ್ಡಿ ಬೆಳೆಸ್ತಾರೆ, ಮಳೆಗಾಲ ಅದರಲ್ಲೇ ಕಳೆಯುತ್ತೆ, ಆಮೇಲೆ ಸೆಪ್ಟೆಂಬರ್ ಅಕ್ಟೋಬರಲ್ಲಿ ಮತ್ತೆ ಕತ್ತರಿಸಿ ಹಣ್ಣಿಗೆ ಬಿಡ್ತಾರೆ, ಜನವರಿಯಿಂದ ಮಾರ್ಚ್ ಒಳಗೆ ಕೊಯ್ಲು. ಚಳಿಗಾಲದ ನಾಶಿಕ್ ರಾತ್ರಿ ಹತ್ತು ಡಿಗ್ರಿಗೂ ಕೆಳಗೆ ಇಳಿಯೋದುಂಟು, ಅಲ್ಲೇ ಪಕ್ಕದ ನಿಫಾಡ್ ತಾಲೂಕಿನ ಚಳಿ ಅಂತ ಪ್ರತಿ ವರ್ಷ ಟಿವೀಲಿ ಬರುತ್ತೆ. ಹಗಲು ಬಿಸಿಲಲ್ಲಿ ಸಕ್ಕರೆ, ರಾತ್ರಿ ಚಳಿಯಲ್ಲಿ ಹುಳಿ ಉಳಿಯುತ್ತೆ. ನಾಶಿಕ್ ವೈನ್ ನಿಂತಿರೋದು ಈ ಎರಡರ ಮೇಲೆ. ತಮಾಷೆ ಅಂದ್ರೆ ನಾಶಿಕ್ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆಯೋ ನಮ್ಮ ವಿಜಯಪುರವೂ ಹೆಚ್ಚು ಕಮ್ಮಿ ಅಷ್ಟೇ ಎತ್ತರ, ಎರಡೂ 600 ಮೀಟರ್ ಆಸುಪಾಸು.

ಅಕ್ಟೋಬರ್ ಚಾಟ್ನಿ ಆದ್ಮೇಲೆ ಕಣ್ಣು, ಅಂದ್ರೆ ಚಿಗುರೋ ಮೊಗ್ಗು, ಒಡೀಲಿ ಅಂತ ಕಡ್ಡಿಗೆ ಡಾರ್ಮೆಕ್ಸ್ ಅನ್ನೋ ಔಷಧಿ ಹಚ್ತಾರೆ, ಎಲ್ಲಾ ಕಣ್ಣೂ ಒಟ್ಟಿಗೆ ಏಳಬೇಕಲ್ಲ. ಅದರೊಳಗಿರೋದು ಹೈಡ್ರೋಜನ್ ಸಯನಮೈಡ್. ಯುರೋಪ್ ಒಕ್ಕೂಟದಲ್ಲಿ ಇದಕ್ಕೆ ಅನುಮತಿ ಇಲ್ಲ. ಮಾಮಾ ಹೇಳಿದ ಒಂದು ವಿಷಯ ಕೇಳಿ ನಾನು ಗ್ಲಾಸ್ ಕೆಳಗಿಟ್ಟೆ: ಡಾರ್ಮೆಕ್ಸ್ ಹಚ್ಚೋ ಆಳುಗಳಿಗೆ ಮೊದಲೇ ಹೇಳಿರ್ತಾರಂತೆ, ಅವತ್ತು ಕುಡೀಬಾರದು, ಮುಂದೆ ಕೆಲವು ದಿನವೂ ಕುಡೀಬಾರದು ಅಂತ. ಕುಡಿದ್ರೆ ಮುಖ ಕೆಂಪಾಗಿ ಎದೆ ಬಡ್ಕೊಂಡು ವಾಂತಿ, ಜೀವಕ್ಕೂ ಅಪಾಯ. ನಾನು ಇದು ಊರ ನಂಬಿಕೆ ಇರಬೇಕು ಅಂದ್ಕೊಂಡು ಆಮೇಲೆ ಓದಿ ನೋಡಿದೆ, ಪೂರ್ತಿ ನಿಜ. ಸಯನಮೈಡ್ ಮೈಯೊಳಗೆ ಹೋದ್ರೆ ಆಲ್ಕೋಹಾಲ್ ಜೀರ್ಣ ಆಗೋ ದಾರೀಲಿ ಅರ್ಧಕ್ಕೆ ತಡೆ ಹಾಕುತ್ತೆ, ಇದೇ ವಸ್ತುವನ್ನ ಕೆಲವು ದೇಶಗಳಲ್ಲಿ ಕುಡಿತ ಬಿಡಿಸೋ ಔಷಧಿಯಾಗಿ ಕೊಡ್ತಾರೆ. ಅಂದ್ರೆ ದ್ರಾಕ್ಷಿ ಬಳ್ಳಿ ಎಬ್ಬಿಸೋ ಔಷಧಿ ಕುಡಿತ ಬಿಡಿಸೋ ಔಷಧಿಯೂ ಹೌದು! ಯಾವ ತೋಟದಲ್ಲಿ ಎಷ್ಟು ಹಚ್ತಾರೆ ಅನ್ನೋದು ಬಾಟಲಿ ಮೇಲೆ ಬರೆದಿರಲ್ಲ ಬಿಡಿ. ಅದು ಹಣ್ಣು ಕೊಯ್ಯೋಕೆ ತಿಂಗಳುಗಟ್ಟಲೆ ಮುಂಚೆ ಕಡ್ಡಿಗೆ ಹಚ್ಚೋದು, ವೈನಲ್ಲಿ ಇರುತ್ತೆ ಅಂತ ನಾನು ಹೇಳ್ತಿಲ್ಲ, ಹಚ್ಚೋ ಕೈ ಯಾರದ್ದು ಅನ್ನೋದಷ್ಟೇ ತಲೇಲಿ ಉಳೀತು.

ನಾನು ಸೀರಿಯಸ್ ಆಗಿದ್ದು ನೋಡಿ ಮಾಮಾನೇ ಮಾತು ತಿರುಗಿಸಿದ. "ಈ ವೈನ್ ಎಲ್ಲಕ್ಕಿಂತ ಚಲೋ ಎಲ್ಲಿ ಮಾಡ್ತಾರ?" ಫ್ರಾನ್ಸಲ್ಲಿ ಬೋರ್ಡೋ ಅನ್ನೋ ಕಡೆ ಅಂದೆ.

"ಬೋರ್ಡೋ? ನಮ್ಮ ಬೋರ್ಡೋ?"

ಹೌದು, ಅದೇ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಡೌನಿ ಅನ್ನೋ ಬೂಜು ರೋಗಕ್ಕೆ ಹೊಡಿಯೋ ಬೋರ್ಡೋ ದ್ರಾವಣ. ಮಾಮಾನ ಕೈ ಮೇಲಿನ ನೀಲಿ ಕಲೆ, ಅವನ ಹಳೇ ಅಂಗಿಗಳ ಮೇಲಿನ ನೀಲಿ ಕಲೆ, ಪಂಪು, ಡ್ರಮ್ಮು, ಮನೆ ಹಿಂದಿನ ಗೋಡೆ, ಎಲ್ಲಾ ಅದೇ ನೀಲಿ. 1880ರ ದಶಕದಲ್ಲಿ ಬೋರ್ಡೋ ಊರಿನ ಪ್ರೊಫೆಸರ್ ಮಿಲಾರ್ಡೆ ಅನ್ನೋರು ರಸ್ತೆ ಪಕ್ಕದ ದ್ರಾಕ್ಷಿ ಸಾಲುಗಳಿಗೆ ಮಾತ್ರ ರೋಗ ಬಂದಿಲ್ಲದ್ದನ್ನ ನೋಡಿದ್ರು, ಕೇಳಿದ್ರೆ ದಾರಿಹೋಕರು ಹಣ್ಣು ಕದಿಯಬಾರದು ಅಂತ ತೋಟದವರು ಅಸಹ್ಯವಾಗಿ ಕಾಣೋ ಥರ ಮೈಲುತುತ್ತ ಸುಣ್ಣ ಎರಚಿದ್ರಂತೆ, ಅದೇ ಔಷಧಿ ಆಯ್ತು. ಮಾಮಾ ಈ ಕಥೆ ಕೇಳಿ ನಕ್ಕಿದ್ದು ನಕ್ಕಿದ್ದೇ. "ಹಣ್ಣಿನ ಕಳ್ಳರು ಅಲ್ಲೂ ಅದಾರಂದಂಗಾತು." ಮೂವತ್ತು ವರ್ಷ ಬೋರ್ಡೋ ಬೆನ್ನ ಮೇಲೆ ಹೊತ್ತವನಿಗೆ ಅದು ಊರ ಹೆಸರು ಅಂತ ಗೊತ್ತಾಗಿದ್ದು ಅವತ್ತು.

ಅದೇ ಉಮೇದಿನಲ್ಲಿ ನಾನು ಶಿರಾಜ್ ಅನ್ನೋದೂ ಊರ ಹೆಸರೇ, ಇರಾನಲ್ಲಿದೆ ಅಂದೆ. ಅದಕ್ಕವನು, ಶಿರಾಜಿ ಅಂದ್ರ ನಮ್ಮ ಬಾದಶಾಹಿ ಕಾಲದಾಗ ಬಂದವರಲ್ಲೇನು ಅಂದ. ಕರೆಕ್ಟ್. ವಿಜಯಪುರದಲ್ಲಿ ಆದಿಲ್‌ಶಾಹಿ ಕಾಲದಲ್ಲಿ ಶಿರಾಜ್‌ನಿಂದ ಬಂದವರು ಸುಮಾರು ಜನ ಇದ್ರು. ಫತಹುಲ್ಲಾ ಶಿರಾಜಿ ಅನ್ನೋ ದೊಡ್ಡ ವಿದ್ವಾಂಸನನ್ನ ಒಂದನೇ ಅಲಿ ಆದಿಲ್‌ಶಾಹನೇ ಕರೆಸ್ಕೊಂಡಿದ್ದು, ಆಮೇಲೆ 1583ರಲ್ಲಿ ಆತ ಅಕ್ಬರನ ಆಸ್ಥಾನಕ್ಕೆ ಹೋದ. ಆದ್ರೆ ಈ ದ್ರಾಕ್ಷಿಗೂ ಆ ಊರಿಗೂ ಸಂಬಂಧ ಇಲ್ಲ ಅನ್ನೋದು 1990ರ ದಶಕದ ಕೊನೆಗೆ ಡಿಎನ್ಎ ಪರೀಕ್ಷೆಯಲ್ಲಿ ಗೊತ್ತಾಯ್ತು. ಇದರ ಅಪ್ಪ ಅಮ್ಮ ಇಬ್ಬರೂ ಆಗ್ನೇಯ ಫ್ರಾನ್ಸಿನವರೇ, ಡ್ಯುರೇಜಾ ಅನ್ನೋ ಕಪ್ಪು ತಳಿ, ಮೋಂಡ್ಯೂಸ್ ಬ್ಲಾಂಶ್ ಅನ್ನೋ ಬಿಳಿ ತಳಿ. ಫ್ರೆಂಚರು ಸಿರಾ ಅಂತಾರೆ, ಆಸ್ಟ್ರೇಲಿಯಾದವರು ಶಿರಾಜ್ ಅಂತಾರೆ, ನಾವು ಆಸ್ಟ್ರೇಲಿಯಾದವರ ಹಿಂದೆ ಹೋಗಿದೀವಿ.

ಮೆಣಸಿನ ವಿಷಯ ಅಲ್ಲೇ ಬಿಟ್ಟಿದ್ದೆ. ಮಾಮಾನ ಮೂಗು ತಪ್ಪಿಲ್ಲ. ರೋಟಂಡೋನ್ ಅಂತ ಒಂದು ಸಂಯುಕ್ತ ಇದೆ, ಶಿರಾಜ್ ಸಿಪ್ಪೆಯಲ್ಲೂ ಅದೇ, ಕರಿಮೆಣಸಿನಲ್ಲೂ ಅದೇ, 2008ರ ಸುಮಾರಿಗೆ ಆಸ್ಟ್ರೇಲಿಯಾದ ಸಂಶೋಧಕರು ಕಂಡುಹಿಡಿದಿದ್ದು. ಐದು ಜನರಲ್ಲಿ ಒಬ್ಬರಿಗೆ ಅದು ಎಷ್ಟಿದ್ರೂ ವಾಸನೆನೇ ಗೊತ್ತಾಗಲ್ವಂತೆ. ನಮ್ಮನೇಲಿ ಆ ಒಬ್ಬರು ಯಾರು ಅಂದ್ರೆ ಮಲೆನಾಡಿನವಳು, ಮೆಣಸಿನ ಬಳ್ಳಿ ಕೆಳಗೆ ಆಡಿ ಬೆಳೆದ ನನ್ನ ಹೆಂಡತಿ! ಅವಳಿಗೆ ಬರೀ ನೇರಳೆಹಣ್ಣು, ಸುಟ್ಟ ಕಟ್ಟಿಗೆ. ಬಯಲುಸೀಮೆ ಮಾಮಾಗೆ ಮೆಣಸು. ಇದನ್ನ ನಾನು ಅವಳ ತವರಲ್ಲಿ ಇನ್ನೂ ಹೇಳಿಲ್ಲ.

ಈಗ ಸಸ್ಟೇನಬಲ್ ಅನ್ನೋ ಮಾತಿಗೆ ಬರ್ತೀನಿ, ನಾನು ಈ ಬಾಟಲಿ ತಗೊಂಡಿದ್ದೇ ಆ ಪದ ಓದಿ. ಕಂಪನಿ ಹೇಳೋದು ಏನಂದ್ರೆ ಅವರು ಬಳಸೋ ಕರೆಂಟಲ್ಲಿ ಅರ್ಧಕ್ಕಿಂತ ಜಾಸ್ತಿ ಸೋಲಾರ್‌ದು, ಮಳೆನೀರು ಹಿಡಿಯೋ ಹೊಂಡಗಳಿವೆ, ಹಿಂಡಿ ಉಳಿದ ಸಿಪ್ಪೆ ಬೀಜ ಗೊಬ್ಬರ ಆಗುತ್ತೆ, ಬಾಟಲಿ ತೂಕ ಇಳಿಸ್ತಿದೀವಿ ಅಂತ. 2019ರಲ್ಲಿ ಸ್ಪೇನಿನ ಟೋರೆಸ್, ಕ್ಯಾಲಿಫೋರ್ನಿಯಾದ ಜಾಕ್ಸನ್ ಮನೆತನದವರು ಸೇರಿ ವೈನರಿಗಳು ಇಂಗಾಲ ಇಳಿಸಬೇಕು ಅಂತ ಒಂದು ಕೂಟ ಕಟ್ಟಿದ್ರು, ಅದಕ್ಕೆ ಏಷ್ಯಾದಿಂದ ಮೊದಲು ಸೇರಿದ್ದು ಸುಲಾ. ಮಾಡಿನ ಮೇಲಿನ ಸೋಲಾರ್ ಫಲಕ ನಾನೂ ನೋಡಿ ಬಂದೆ. ಇದನ್ನೆಲ್ಲ ಮಾಮಾಗೆ ಉತ್ಸಾಹದಿಂದ ಹೇಳಿ ಮುಗಿಸಿದೆ. ಅವನು ರೊಟ್ಟಿ ಮುರೀತಾ ಕೇಳಿದ್ದು ಒಂದೇ, "ನೀರ ಎಲ್ಲಿದು?"

ನಿಮಗೆ ಇದು ಸಣ್ಣ ಪ್ರಶ್ನೆ ಅನ್ನಿಸಬಹುದು. ತಿಕೋಟಾದವನಿಗೆ ಪ್ರಶ್ನೆ ಅಂದ್ರೆ ಅದೊಂದೇ. ವಿಜಯಪುರ ಜಿಲ್ಲೆಗೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಅದೂ ಬಂದ್ರೆ ಬಂತು. ಬರದ ವರ್ಷ ನಮ್ಮವರು ಟ್ಯಾಂಕರಲ್ಲಿ ನೀರು ತಂದು ತೋಟ ಉಳಿಸಿದಾರೆ. ಹಣ್ಣಿಗಲ್ಲ, ಬಳ್ಳಿ ಸಾಯಬಾರದು ಅಂತ. ಟ್ಯಾಂಕರ್ ದುಡ್ಡಿಗೆ ಅತ್ತಿಯ ಬಂಗಾರ ಒಂದ್ ಸಲ ಬ್ಯಾಂಕಿಗೆ ಹೋಗಿ ಬಂದಿದೆ. ಈಗ ತುಬಚಿ-ಬಬಲೇಶ್ವರ ಏತ ನೀರಾವರಿ ಬಂದು ಕೃಷ್ಣೆ ನೀರು ಹಳ್ಳ ಕೆರೆಗೆ ಹರಿದ ಮೇಲೆ ಬೋರು ಸ್ವಲ್ಪ ಉಸಿರಾಡ್ತಿವೆ, ಕೃಷಿ ಹೊಂಡ ಇಲ್ಲದ ತೋಟವೇ ಕಮ್ಮಿ. ನಾಶಿಕ್ ಆ ಲೆಕ್ಕದಲ್ಲಿ ಪುಣ್ಯವಂತ ಊರು, ಗೋದಾವರಿ ಹುಟ್ಟೋದೇ ಅಲ್ಲಿ, ಗಂಗಾಪುರ ಡ್ಯಾಮ್ ಪಕ್ಕದಲ್ಲೇ ಇದೆ. ಜೊತೆಗೆ ವೈನ್ ದ್ರಾಕ್ಷಿಗೆ ನೀರು ಕಮ್ಮಿ ಸಾಕು, ಹಣ್ಣು ಊದೋದು ಬೇಡವಲ್ಲ. ಬೇಕಂತಲೇ ಬಳ್ಳಿಗೆ ನೀರು ಕಡಿಮೆ ಕೊಟ್ಟು ಬಾಯಾರಿಸ್ತಾರೆ, ಆಗ ಹಣ್ಣು ಸಣ್ಣದಾಗಿ ರುಚಿ ಗಟ್ಟಿ ಆಗುತ್ತೆ ಅಂದೆ.

"ನಾವೂ ಬಾಯಾರಸ್ತೇವಿ" ಅಂದ ಮಾಮಾ, "ಬೇಕಂತ ಅಲ್ಲ."

ಆಮೇಲಿನ ಪ್ರಶ್ನೆ ರೈತರದ್ದು. ದ್ರಾಕ್ಷಿ ಎಲ್ಲಾ ಕಂಪನೀದೇ ತೋಟದ್ದಾ ಅಂತ. ಅಲ್ಲ, ಬಹುಪಾಲು ಒಪ್ಪಂದದ ರೈತರು ಬೆಳೆದು ಕೊಡೋದು, ಎಷ್ಟೋ ವರ್ಷದ ಒಪ್ಪಂದ ಇರುತ್ತೆ, ದರ ಮೊದಲೇ ಮಾತಾಗಿರುತ್ತೆ. ಮಾಮಾ ತುಂಬಾ ಹೊತ್ತು ಯೋಚನೆ ಮಾಡಿದ್ದು ಇದರ ಬಗ್ಗೆ. ಮಣೂಕದ ರೇಟು ತಾಸಗಾಂವ್ ಮಾರ್ಕೆಟಲ್ಲಿ ಇವತ್ತು ಒಂದು, ನಾಳೆ ಒಂದು. ಫೆಬ್ರವರೀಲಿ ಒಂದು ಅಕಾಲಿಕ ಮಳೆ ಬಂದ್ರೆ ಹಣ್ಣು ಸೀಳಿ ಹೋಗುತ್ತೆ, ಶೆಡ್ಡಲ್ಲಿ ಒಣಗ್ತಿರೋದು ಕಪ್ಪಾಗುತ್ತೆ. ರೇಟು ಮೊದಲೇ ಗೊತ್ತಿದ್ರೆ ಕಮ್ಮಿ ಆದ್ರೂ ನಿದ್ದೆ ಬರುತ್ತೆ ಅಂದ. ಹಾಗಂತ ಒಪ್ಪಂದ ಅಂದ್ರೆ ಸ್ವರ್ಗ ಅಲ್ಲ ಅನ್ನೋದೂ ಅವನಿಗೆ ಗೊತ್ತು. 2008-09ರಲ್ಲಿ ಜಗತ್ತಿನ ಆರ್ಥಿಕ ಹಿಂಜರಿತ, ಆಮೇಲೆ ಮುಂಬೈ ದಾಳಿ, ಹೋಟೆಲ್‌ಗಳಲ್ಲಿ ವೈನ್ ಮಾರಾಟ ಬಿದ್ದುಹೋಗಿ ಮಹಾರಾಷ್ಟ್ರದ ಎಷ್ಟೋ ಸಣ್ಣ ವೈನರಿಗಳು ದ್ರಾಕ್ಷಿ ತಗೊಳ್ಳೋಕಾಗದೆ ಕೈ ಎತ್ತಿದ್ವು, ರೈತರು ವೈನ್ ಬಳ್ಳಿ ಬುಡ ಸಮೇತ ಕಿತ್ತು ಮತ್ತೆ ತಿನ್ನೋ ದ್ರಾಕ್ಷಿ ಹಾಕಿದ್ರು. ತಿನ್ನೋ ದ್ರಾಕ್ಷಿ ಮಾರಾಟ ಆಗಿಲ್ಲಾಂದ್ರೆ ಒಣಗಿಸಬಹುದು. ಬೀಜ ಇರೋ ಶಿರಾಜನ್ನ ವೈನರಿ ತಗೊಳ್ಳದಿದ್ರೆ ಯಾರು ತಿಂತಾರೆ? ನಮ್ಮ ರಾಜ್ಯದಲ್ಲೂ 2007ರಲ್ಲಿ ವೈನ್ ನೀತಿ ಬಂತು, ವಿಜಯಪುರ ಬಾಗಲಕೋಟೆ ಬೆಳಗಾವಿಗೆ ಕೃಷ್ಣಾ ಕಣಿವೆ ಅಂತ ಚಂದದ ಹೆಸರೂ ಸಿಕ್ತು, ಆದ್ರೆ ನಮ್ಮ ಮಾಮಾನಂಥವರು ಮಣೂಕ ಬಿಟ್ಟು ಆ ಕಡೆ ಹೊರಳಿಲ್ಲ. ಇದೇ ಭಯ.

ಹಾಗಾದ್ರೆ ವೈನ್ ಹೆಂಗಿದೆ ಅಂತ ಕೇಳೋರಿಗೆ. ಚೆನ್ನಾಗಿದೆ. ಬಣ್ಣ ನೇರಳೆಹಣ್ಣು ತಿಂದ ನಾಲಿಗೆ ಥರ. ಬಾಯಲ್ಲಿ ಮೊದಲು ಹಣ್ಣು, ಆಮೇಲೆ ಆ ಪೀಪಾಯಿಯ ಹೊಗೆ, ಸ್ವಲ್ಪ ವೆನಿಲಾ, ಕೊನೆಗೆ ಹಸಿ ಅಡಿಕೆ ಅಗಿದಾಗ ಕೆನ್ನೆ ಒಳಗೆ ಎಳೆಯುತ್ತಲ್ಲ ಆ ಒಗರು, ಆದ್ರೆ ಅಷ್ಟು ಒರಟಲ್ಲ. ನಂಗೆ ಪೀಪಾಯಿ ವಾಸನೆ ಒಂದು ಚೂರು ಕಮ್ಮಿ ಇದ್ದಿದ್ರೆ ಇನ್ನೂ ಇಷ್ಟ ಆಗ್ತಿತ್ತು, ಅದು ನನ್ನ ನಾಲಿಗೆ ಅಷ್ಟೇ. ಒಂದು ಮಾತ್ರ ಖಂಡಿತ ಮಾಡಿ: ಕೆಂಪು ವೈನ್ ರೂಮ್ ಟೆಂಪರೇಚರಲ್ಲಿ ಕುಡೀಬೇಕು ಅನ್ನೋದನ್ನ ಮರೆತುಬಿಡಿ, ಆ ರೂಮು ಯುರೋಪಿನ ಹಳೇ ಕಲ್ಲಿನ ಮನೆ ರೂಮು, ನಮ್ಮ ಮೂರನೇ ಫ್ಲೋರಿನ ಏಪ್ರಿಲ್ ತಿಂಗಳ ರೂಮಲ್ಲ. ಒಂದೂವರೆ ಎರಡು ಗಂಟೆ ಫ್ರಿಜ್ಜಲ್ಲಿಟ್ಟು ತೆಗೀರಿ, 16-18 ಡಿಗ್ರಿ ಆಸುಪಾಸಿಗೆ ಬರುತ್ತೆ. ಬಿಸಿ ಇದ್ರೆ ಬರೀ ಸ್ಪಿರಿಟ್ ಮೂಗಿಗೆ ಹೊಡೆಯುತ್ತೆ. ತಿರುಗಿಸೋ ಮುಚ್ಚಳ ಇರೋದ್ರಿಂದ ಕಾರ್ಕ್ ತೆಗಿಯೋ ಸಾಹಸವೂ ಇಲ್ಲ, ಉಳಿದ ಅರ್ಧ ಬಾಟಲಿ ಫ್ರಿಜ್ಜಲ್ಲಿಟ್ಟು ಮಾರನೇ ದಿನ ಕುಡಿದೆ, ಇನ್ನೂ ಮೆತ್ತಗಾಗಿತ್ತು.

ಊಟದ ಜೊತೆ ಅಂದ್ರೆ ಪುಸ್ತಕದಲ್ಲಿ ಮಟನ್ನು ಚೀಸು ಅಂತ ಬರೀತಾರೆ. ಅವತ್ತು ನಮ್ಮನೇಲಿ ಇದ್ದಿದ್ದು ಮಾಮಾ ತಂದಿದ್ದ ಜೋಳದ ಹಿಟ್ಟಿನ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಎಣ್ಣೆಗಾಯಿ ಜೊತೆ ಈ ವೈನ್ ಇಷ್ಟು ಹೊಂದುತ್ತೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರಲಿಲ್ಲ, ಆ ಶೇಂಗಾ ಎಳ್ಳಿನ ಜಿಡ್ಡು ವೈನಿನ ಒಗರನ್ನ ನುಂಗಿಹಾಕುತ್ತೆ, ಬದನೆಕಾಯಿ ಸುಟ್ಟ ವಾಸನೆ ಪೀಪಾಯಿ ಹೊಗೆಗೆ ಅಣ್ಣ ತಮ್ಮ. ಕೆಂಪು ಖಾರದ ಚಟ್ನಿ ಜೊತೆ ಮಾತ್ರ ಬೇಡ, ಖಾರ ಆಲ್ಕೋಹಾಲ್ ಸೇರಿ ಬಾಯಲ್ಲಿ ಬೆಂಕಿ.

ಬಾಟಲಿ ಖಾಲಿ ಆಯ್ತು. ವೈನಿನ ಇಂಗಾಲದ ಲೆಕ್ಕದಲ್ಲಿ ದೊಡ್ಡ ಪಾಲು ಗಾಜಿನ ಬಾಟಲೀದು ಅಂತ ಓದಿದ್ದು ನೆನಪಾಗಿ, ಇದನ್ನ ಒಣ ಕಸಕ್ಕೆ ಹಾಕಲಾ ಅಥವಾ ಬಾಟಲಿ ತಗೊಳ್ಳೋನಿಗೆ ಕೊಡಲಾ ಅಂತ ಸಿಂಕ್ ಹತ್ರ ನಿಂತಿದ್ದೆ. ಮಾಮಾ ಹಿಂದಿನಿಂದ ಬಂದು ಕೈಯಿಂದ ತಗೊಂಡು, ಮುಚ್ಚಳ ತಿರುಗಿಸಿ ಮತ್ತೆ ತೆಗೆದು ಎರಡು ಸಲ ನೋಡಿ, "ಮುಚ್ಚಳ ಗಟ್ಟಿ ಐತಿ" ಅಂದವನೇ ಬಿಸಿನೀರಲ್ಲಿ ತೊಳೆದು ಚೀಲಕ್ಕೆ ಹಾಕ್ಕೊಂಡ.

ಮೊನ್ನೆ ಅವ್ವ ಫೋನ್ ಮಾಡಿದ್ಲು, ಸಿಟ್ಟಲ್ಲಿದ್ಲು. ಮಾಮಾನ ಮನೆಗೆ ಹೋಗಿದ್ಲಂತೆ, ಅಡುಗೆಮನೆ ಮಾಡದಲ್ಲಿ, ದೇವರ ಕೋಣೆ ಗೋಡೆಗೆ ಹತ್ತಿದಂಗೆ, ದಿಂಡೋರಿ ಅಂತ ಲೇಬಲ್ ಇರೋ ವೈನ್ ಬಾಟಲಿ, ಒಳಗೆ ಕುಸುಬಿ ಎಣ್ಣೆ. ಅತ್ತಿ ಅದರಿಂದಾನೇ ಒಗ್ಗರಣೆಗೆ ಬಗ್ಗಿಸ್ತಿದ್ದಾಳಂತೆ. ಲೇಬಲ್ ಆದ್ರೂ ಕಿತ್ತು ಹಾಕಬಾರದಾ ಅಂತ ಅವ್ವ ಕೇಳಿದ್ರೆ ಅತ್ತಿ, ಇರಲಿ ಬಿಡವಾ, ಮಂದಿಗೆ ಎಣ್ಣಿ ಅಂತ ಗೊತ್ತಾಗದಿದ್ರ ಯಾರೂ ಕೇಳಂಗಿಲ್ಲ ಅಂದಳಂತೆ.